ನೆಕ್ ಪಕ್ಕದ ಸಂದು: ಹೊಸ ಗಿಟಾರ್ ವಾಪಸ್ ಕೊಡಬೇಕೇ?

ಪ್ರಶ್ನೆ: ಮಗಳ ಪಿಯುಸಿ ಪರೀಕ್ಷೆ ಮುಗಿದ ಖುಷಿಗೆ ಹೋದ ವಾರ ಅವಳಿಗೊಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದೆವು. ಸ್ಟ್ರಾಟೋಕ್ಯಾಸ್ಟರ್ ಆಕಾರದ್ದು, ಹಿಂದೆ ನಾಲ್ಕು ಸ್ಕ್ರೂ ಇರುವ ಪ್ಲೇಟ್ ಇದೆ. ಮನೆಗೆ ತಂದು ನೋಡಿದರೆ ನೆಕ್ (ಉದ್ದನೆಯ ಹಿಡಿ) ಬಾಡಿಯೊಳಗೆ ಕೂರುವ ಕಡೆ, ಒಂದನೇ ತಂತಿಯ, ಅಂದರೆ ಅತಿ ತೆಳು ತಂತಿಯ ಪಕ್ಕ, ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದೆ. ಅತಿ ದಪ್ಪನೆಯ ಆರನೇ ತಂತಿಯ ಕಡೆ ಸಂದೇ ಇಲ್ಲ. ಅದೇ ಮೂಲೆಯಲ್ಲಿ ಪೇಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಹದಿನೈದನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿದ ಮೇಲೆ ಒಂದನೇ ತಂತಿ ಆಗಾಗ ಅಂಚಿನಿಂದ ಜಾರುತ್ತದೆ ಅಂತಾಳೆ ಮಗಳು. ಅಂಗಡಿಯವರು ‘ಎಲ್ಲಾ ಗಿಟಾರ್‌ನಲ್ಲೂ ಹೀಗೇ ಇರುತ್ತೆ ಸಾರ್’ ಅಂತಾರೆ. ವಾಪಸ್ ಕೊಡಲು ಇನ್ನು ನಾಲ್ಕು ದಿನ ಇದೆ. ನನಗೆ ಗಿಟಾರ್ ಗೊತ್ತಿಲ್ಲ. ಏನು ಮಾಡಲಿ?
– ಒಬ್ಬ ತಂದೆ, ರಾಜಾಜಿನಗರ

ಉತ್ತರ: ಸಂದು ಇದೆ ಅನ್ನುವ ಒಂದೇ ಕಾರಣಕ್ಕೆ ಗಿಟಾರ್ ವಾಪಸ್ ಕೊಡಬೇಡಿ. ಹಾಗಂತ ಅಂಗಡಿಯವರ ಮಾತು ಕೇಳಿ ಸುಮ್ಮನಾಗಲೂ ಬೇಡಿ. ನೀವು ಬರೆದಿರುವುದರಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ನಿಮ್ಮ ಮಗಳ ಮಾತು. ತಂತಿ ಅಂಚಿನಿಂದ ಜಾರುತ್ತಿದ್ದರೆ ಅದು ನುಡಿಸುವವರ ಕೈಗೆ ಸಿಗುವ ನಿಜವಾದ ತೊಂದರೆ. ಅದಕ್ಕೆ ಕಾರಣ ನೆಕ್ ಕೂತಿರುವ ರೀತಿಯೋ, ಬೇರೆ ಏನಾದರೂ ಇದೆಯೋ ಅನ್ನುವುದನ್ನು ಈ ನಾಲ್ಕು ದಿನದೊಳಗೆ ನೀವೇ ಕಂಡುಹಿಡಿಯಬಹುದು. ಗಿಟಾರ್ ನುಡಿಸಲು ಬರಬೇಕೆಂದೇನಿಲ್ಲ. ಒಂದು ಸ್ಟೀಲ್ ಸ್ಕೇಲು, ಒಂದು ಕ್ಯಾಪೋ (ತಂತಿಗಳನ್ನು ನೆಕ್ಕಿಗೆ ಒತ್ತಿ ಹಿಡಿಯುವ ಕ್ಲಿಪ್), ಮೊಬೈಲಿನ ಟಾರ್ಚ್, ನಾಲ್ಕಾರು ಹಾಳೆ ಇದ್ದರೆ ಸಾಕು.

ಸ್ಕ್ರೂಡ್ರೈವರ್ ಮಾತ್ರ ಈಗಲೇ ಮುಟ್ಟಬೇಡಿ. ಪ್ಲೇಟಿನ ಸ್ಕ್ರೂ ತಲೆಯಲ್ಲಿ ಗೀರು ಕಂಡರೆ ‘ನೀವೇ ಬಿಚ್ಚಿದ್ದೀರಿ’ ಅಂದುಬಿಡುತ್ತಾರೆ. ತೀರ್ಮಾನಕ್ಕೆ ಬೇಕಾದ್ದನ್ನೆಲ್ಲ ಬಿಚ್ಚದೆಯೇ ನೋಡಬಹುದು.

ಸಂದಿನ ವಿಷಯ ಮೊದಲು ಮುಗಿಸೋಣ. ಅಮೆರಿಕದ ಲಿಯೋ ಫೆಂಡರ್ 1950ರ ಸುಮಾರಿಗೆ ತಮ್ಮ ಎಲೆಕ್ಟ್ರಿಕ್ ಗಿಟಾರ್ ಮಾರುಕಟ್ಟೆಗೆ ತಂದಾಗ ನೆಕ್ಕನ್ನು ಅಂಟು ಹಾಕಿ ಕೂರಿಸಲಿಲ್ಲ. ಬಾಡಿಯಲ್ಲಿ ಒಂದು ಗುಳಿ ಕೊರೆದು, ನೆಕ್ಕಿನ ಬುಡವನ್ನು ಅದರೊಳಗೆ ಇಟ್ಟು, ಹಿಂದಿನಿಂದ ಸ್ಕ್ರೂ ಬಿಗಿದರು. ನೆಕ್ ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು, ಕಾರ್ಖಾನೆಯಲ್ಲಿ ಕೆಲಸವೂ ಬೇಗ ಆಗುತ್ತದೆ. 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರ್‌ನಲ್ಲೂ ಇದೇ ಕ್ರಮ. ಆ ಗುಳಿಗೆ ನೆಕ್ ಪಾಕೆಟ್ ಅನ್ನುತ್ತಾರೆ, ಅದರಲ್ಲಿ ಕೂರುವ ನೆಕ್ಕಿನ ಬುಡಕ್ಕೆ ಹೀಲ್. ಹೀಲ್‌ನ ಅಗಲ ಸುಮಾರು 56 ಮಿ.ಮೀ., ಪಾಕೆಟ್‌ನ ಉದ್ದ ಸುಮಾರು 75 ಮಿ.ಮೀ., ಆಳ 16 ಮಿ.ಮೀ. ಹತ್ತಿರ.

ತಂತಿಗಳು ಆರೂ ಸೇರಿ ನೆಕ್ಕನ್ನು ಎಳೆಯುವಾಗ ಅದನ್ನು ಹಿಡಿದಿಟ್ಟುಕೊಳ್ಳುವುದು ಪಾಕೆಟ್‌ನ ತಳ. ಸ್ಕ್ರೂಗಳು ಹೀಲನ್ನು ತಳಕ್ಕೆ ಒತ್ತುತ್ತವೆ, ಆ ಒತ್ತಡದಲ್ಲೇ ನೆಕ್ ಅಲುಗದೆ ನಿಲ್ಲುತ್ತದೆ. ಪಕ್ಕದ ಗೋಡೆಗಳು ನೆಕ್ ಎಡಕ್ಕೋ ಬಲಕ್ಕೋ ಹೆಚ್ಚು ಸರಿಯದಂತೆ ನೋಡಿಕೊಳ್ಳುತ್ತವೆ, ಅಷ್ಟೆ. ಹಾಗಾಗಿ ಪಕ್ಕದಲ್ಲಿ ಕಾರ್ಡ್ ತೂರಿದರೆ ಸ್ವರ ಕೆಟ್ಟಿತು, ಸಸ್ಟೇನ್ (ನಾದ ಉಳಿಯುವ ಹೊತ್ತು) ಹೋಯಿತು ಅಂತ ಹೇಳುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ತಳದಲ್ಲಿ ಕಾರ್ಡ್ ತೂರಿದರೆ ಅದು ಬೇರೆ ಮಾತು.

ಸ್ವಲ್ಪ ಸಂದು ಇರುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಮನೆಯ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನೋಡಿದ್ದೀರಲ್ಲ, ನೆಕ್ಕೂ ಮರವೇ. ತೇವ ಹೀರಿದರೆ ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಆಗುವುದಿಲ್ಲ, ಅಗಲದಲ್ಲಿ ಉಬ್ಬುತ್ತದೆ. ಒಂದಿಷ್ಟೂ ಜಾಗ ಬಿಡದೆ ಬಡಿದು ಕೂರಿಸಿದ ಹೀಲ್ ಜುಲೈ ತಿಂಗಳಲ್ಲಿ ಪಾಕೆಟ್‌ನ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಸ್ಟ್ರಾಟ್ ಆಕಾರದ ಬಾಡಿಯಲ್ಲಿ ಒಂದನೇ ತಂತಿಯ ಕಡೆಯ ಗೋಡೆ ತೀರಾ ತೆಳು, ಕೈ ಮೇಲಿನ ಫ್ರೆಟ್‌ಗೆ ಹೋಗಲಿ ಅಂತ ಅಲ್ಲಿ ಮರವನ್ನು ಕೆತ್ತಿ ತೆಗೆದಿರುತ್ತಾರೆ. ಅಲ್ಲಿ ಮೊದಲು ಬಿರುಕು ಬಿಡುವುದು ಪೇಂಟ್, ಆಮೇಲೆ ಮರ.

ವಿಸಿಟಿಂಗ್ ಕಾರ್ಡಿನ ದಪ್ಪ ಸುಮಾರು 0.3 ಮಿ.ಮೀ. ಸರಿಯಾಗಿ ಅಳೆಯಬೇಕೆಂದರೆ ಪ್ರಿಂಟರ್‌ಗೆ ಹಾಕುವ ಎ4 ಹಾಳೆ ತೆಗೆದುಕೊಳ್ಳಿ, ಒಂದು ಹಾಳೆ ಹತ್ತಿರಹತ್ತಿರ 0.1 ಮಿ.ಮೀ. ಎಷ್ಟು ಪದರ ಮಡಚಿದರೆ ಸಂದಿಗೆ ಬಿಗಿಯಾಗಿ ಕೂರುತ್ತದೋ ಅಷ್ಟು ಸಲ 0.1 ಮಿ.ಮೀ., ಅಂದರೆ ಐದು ಪದರಕ್ಕೆ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರ್ ಒಳಗಿದ್ದರೆ ಇಂಥ ಗಿಟಾರ್‌ಗಳಲ್ಲಿ ಸಾಮಾನ್ಯ. ಒಂದು ಮಿಲಿಮೀಟರ್ ದಾಟಿದರೆ ಕೊರೆತದಲ್ಲೇ ತಪ್ಪಾಗಿದೆ ಅಂತ ನಾನು ವಾಪಸ್ ಕೊಡಲು ಹೇಳುತ್ತೇನೆ.

ಈಗ ತಂತಿಗಳಿಗೆ ಬರೋಣ. ನೆಕ್ ನೇರವಾಗಿ ಕೂತಿದೆಯೋ ಇಲ್ಲವೋ ಹೇಳುವುದು ಅವೇ. ಗಿಟಾರನ್ನು ಟ್ಯೂನ್ ಮಾಡಿಸಿ, ಮಂಚದ ಮೇಲೆ ಮಲಗಿಸಿ, ಕೊನೆಯ ಫ್ರೆಟ್‌ನ ನೇರ ಮೇಲಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಒಂದನೇ ತಂತಿಯಿಂದ ಫ್ರೆಟ್‌ಬೋರ್ಡಿನ (ಫ್ರೆಟ್‌ಗಳಿರುವ ಹಲಗೆಯ) ಅಂಚಿಗೆ ಎಷ್ಟು ದೂರ, ಆರನೇ ತಂತಿಯಿಂದ ಆ ಕಡೆಯ ಅಂಚಿಗೆ ಎಷ್ಟು ದೂರ, ಸ್ಕೇಲಿನಲ್ಲಿ ಅಳೆದು ಬರೆದಿಡಿ. ಇದೇ ಅಳತೆಯನ್ನು ಹನ್ನೆರಡನೇ ಫ್ರೆಟ್‌ನಲ್ಲೂ, ಹೆಡ್‌ಸ್ಟಾಕ್ (ಶ್ರುತಿ ಮಾಡುವ ಬಿರಡೆಗಳಿರುವ ನೆಕ್ಕಿನ ತುದಿ) ಬಳಿ, ತಂತಿಗಳು ಹಾಯುವ ಸೀಳುಗಳಿರುವ ಪುಟ್ಟ ಪಟ್ಟಿ, ಅಂದರೆ ನಟ್ ಪಕ್ಕದಲ್ಲೂ ಮಾಡಿ. ಸಾಮಾನ್ಯ ಸ್ಟ್ರಾಟ್‌ನಲ್ಲಿ ಕೊನೆಯ ಫ್ರೆಟ್ ಬಳಿ ಎರಡೂ ಕಡೆ 3ರಿಂದ 4 ಮಿ.ಮೀ. ಉಳಿಯಬೇಕು. ಫ್ರೆಟ್‌ನ ತುದಿಗಳನ್ನು ಇಳಿಜಾರಾಗಿ ಉಜ್ಜಿರುತ್ತಾರಾದ್ದರಿಂದ ಆ ಅಂಚಿನ ಅರ್ಧ ಮಿಲಿಮೀಟರ್ ಲೆಕ್ಕಕ್ಕಿಲ್ಲ. ಒಂದನೇ ತಂತಿಯ ಕಡೆ ಎರಡೋ ಎರಡೂವರೆಯೋ ಉಳಿದಿದ್ದರೆ, ತಂತಿಯನ್ನು ಕೆಳಕ್ಕೆ ಎಳೆದು ಸ್ವರ ಅಲುಗಿಸುವಾಗ (ವೈಬ್ರಾಟೋ) ಅದು ಜಾರುವುದರಲ್ಲಿ ಆಶ್ಚರ್ಯವಿಲ್ಲ.

ಮೂರು ಜಾಗದ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ನಟ್ ಬಳಿ ಎರಡೂ ಕಡೆ ಸಮವಾಗಿದ್ದು, ಕೆಳಗೆ ಬರುತ್ತಾ ಬರುತ್ತಾ ಒಂದು ಕಡೆಗೆ ವಾಲಿದ್ದರೆ ನೆಕ್ ಓರೆಯಾಗಿ ಕೂತಿದೆ, ಇಲ್ಲವೇ ಬಾಡಿಯ ಮೇಲೆ ತಂತಿಗಳ ತುದಿ ಹಿಡಿದಿರುವ ಬ್ರಿಡ್ಜ್ ಪಕ್ಕಕ್ಕೆ ಸರಿದಿದೆ. ನಟ್ ಬಳಿಯೇ ತಂತಿ ಅಂಚಿಗೆ ಹತ್ತಿರವಿದ್ದು, ಕೊನೆಯ ಫ್ರೆಟ್‌ನಲ್ಲಿ ಸರಿಯಾಗಿದ್ದರೆ ನಟ್‌ನ ಸೀಳುಗಳನ್ನು ತಪ್ಪು ಜಾಗದಲ್ಲಿ ಕೊರೆದಿದ್ದಾರೆ. ಅದಕ್ಕೂ ನೆಕ್ ಫಿಟ್ಟಿಂಗ್‌ಗೂ ಸಂಬಂಧವಿಲ್ಲ, ನಟ್ ಬದಲಾಯಿಸಿದರೆ ಮುಗಿಯಿತು. ಬ್ರಿಡ್ಜ್ ಮೇಲೆ ಅನುಮಾನ ಬಂದರೆ ಸ್ಯಾಡಲ್‌ಗಳನ್ನು ನೋಡಿ. ಒಂದೊಂದು ತಂತಿಯನ್ನೂ ಹೊತ್ತಿರುವ ಆ ಪುಟ್ಟ ಲೋಹದ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ನೆಟ್ಟಗೆ ನಿಂತಿರಬೇಕು. ಕೆಲವೊಮ್ಮೆ ಕೊನೆಯ ಸ್ಯಾಡಲ್ ಓರೆಯಾಗಿ ಹೊರಕ್ಕೆ ವಾಲಿರುತ್ತದೆ, ಬೆರಳಲ್ಲಿ ಒಳಕ್ಕೆ ತಳ್ಳಿದರೇ ಜಾರುವುದು ನಿಂತುಬಿಡುತ್ತದೆ.

ಓರೆ ಅಂದರೆ ಎಷ್ಟು ಓರೆ ಅನ್ನುವ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಸಣ್ಣದು ದೊಡ್ಡದಾಗುತ್ತದೆ. 75 ಮಿ.ಮೀ. ಉದ್ದದ ಪಾಕೆಟ್‌ನಲ್ಲಿ ಹೀಲ್ 0.3 ಮಿ.ಮೀ. ಓರೆಯಾದರೆ, ಅಲ್ಲಿಂದ ಸುಮಾರು 40 ಸೆಂ.ಮೀ. ದೂರದ ನಟ್ ಒಂದೂವರೆ ಮಿಲಿಮೀಟರ್‌ಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ತಂತಿಯ ಒಂದು ತುದಿ ಬ್ರಿಡ್ಜ್‌ಗೆ ಕಟ್ಟಿರುವುದರಿಂದ, ಕೊನೆಯ ಫ್ರೆಟ್ ಬಳಿ ತಂತಿಗೂ ಅಂಚಿಗೂ ನಡುವಿನ ದೂರ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಬದಲಾಗುತ್ತದೆ. ನಿಮ್ಮ ಗಿಟಾರಿನ ತೊಂದರೆ ಇಷ್ಟೇ ಇರಬಹುದು. ಹಾಗಿದ್ದರೆ ಸಂತೋಷ, ಯಾಕೆಂದರೆ ಸರಿಪಡಿಸಲು ಬೇಕಾದ ಜಾಗ ಆ ಸಂದಿನಲ್ಲೇ ಇದೆ. ಸಂದೇ ಇಲ್ಲದ ಪಾಕೆಟ್‌ನಲ್ಲಿ ನೆಕ್ ಓರೆಯಾಗಿದ್ದಿದ್ದರೆ ಮರ ಉಜ್ಜಬೇಕಾಗುತ್ತಿತ್ತು.

ಇನ್ನು ತಳ. ನೆಕ್ ಬಾಡಿಯಿಂದ ಹೊರಬರುವ ಜಾಗದಲ್ಲಿ, ಅಂದರೆ ಹದಿನಾರನೇ ಫ್ರೆಟ್ ಆಸುಪಾಸಿನಲ್ಲಿ, ನೆಕ್ಕಿನ ಅಡಿಗೆ ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ಹೀಲ್ ತಳಕ್ಕೆ ತಾಕಿರುವ ಗೆರೆಯಲ್ಲಿ ಬೆಳಕು ಆ ಕಡೆಗೆ ದಾಟಬಾರದು. ಹಾಳೆಯ ಒಂದು ಪಟ್ಟಿ ಕತ್ತರಿಸಿ ಆ ಗೆರೆಗೆ ತೂರಿಸಲು ಪ್ರಯತ್ನಿಸಿ. ಬಾಡಿಯ ಅಂಚಿನ ಪೇಂಟ್ ದುಂಡಗಿರುವುದರಿಂದ ಒಂದೆರಡು ಮಿಲಿಮೀಟರ್ ಹೋದರೆ ಪರವಾಗಿಲ್ಲ, ಬೆರಳಗಲ ಒಳಗೆ ಹೋದರೆ ಹೀಲ್ ತಳಕ್ಕೆ ಕೂತಿಲ್ಲ. ಆಮೇಲೆ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಡಿಯನ್ನು ಒಂದು ಕೈಯಲ್ಲಿ ಹಿಡಿದು, ಹೆಡ್‌ಸ್ಟಾಕನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಒತ್ತಿ. ಒತ್ತಿದಾಗ ಶ್ರುತಿ ಕೊಂಚ ಬದಲಾಗಿ, ಬಿಟ್ಟಾಗ ಮೊದಲಿನಂತೆ ಆಗುವುದು ಸಹಜ. ‘ಟಕ್’ ಅಂತ ಸದ್ದು ಬಂದರೆ, ಅಥವಾ ಬಿಟ್ಟ ಮೇಲೂ ಶ್ರುತಿ ತಪ್ಪಿಯೇ ಉಳಿದರೆ, ನೆಕ್ ಸಡಿಲವಿದೆ. ಒಂದನೇ ತಂತಿಯ ದೂರವನ್ನು ಇದಕ್ಕೆ ಮೊದಲು, ಆಮೇಲೆ ಎರಡು ಸಲ ಅಳೆದರೆ ಇನ್ನೂ ಖಚಿತವಾಗುತ್ತದೆ.

ತಳಕ್ಕೆ ಯಾಕೆ ಕೂರುವುದಿಲ್ಲ? ಹೊಸ ಗಿಟಾರ್‌ನಲ್ಲಿ ನಾನು ಕಾಣುವುದು ಹೆಚ್ಚಾಗಿ ಮೂರು ಕಾರಣ. ಪಾಕೆಟ್ ಒಳಗೆ ಪೇಂಟ್ ಗಡ್ಡೆ ಕಟ್ಟಿರುತ್ತದೆ. ಮರದ ಪುಡಿಯೋ ಚಕ್ಕೆಯೋ ಸಿಕ್ಕಿಕೊಂಡಿರುತ್ತದೆ. ಮೂರನೆಯದು ಸ್ಕ್ರೂ ರಂಧ್ರ, ಇದು ತುಂಬಾ ಜನರ ಗಮನಕ್ಕೇ ಬರುವುದಿಲ್ಲ. ಸ್ಕ್ರೂ ಬಾಡಿಯ ರಂಧ್ರದಲ್ಲಿ ಸಲೀಸಾಗಿ ಜಾರಿ ಹೋಗಿ ನೆಕ್ಕಿನ ಮರವನ್ನು ಮಾತ್ರ ಕಚ್ಚಬೇಕು. ಬಾಡಿಯ ರಂಧ್ರ ಸಣ್ಣದಾಗಿ ಅಲ್ಲೂ ಥ್ರೆಡ್ ಕಚ್ಚಿಕೊಂಡರೆ, ಎಷ್ಟು ತಿರುಗಿಸಿದರೂ ಎರಡು ಮರಗಳ ನಡುವಿನ ಅಂತರ ಅಷ್ಟೇ ಉಳಿಯುತ್ತದೆ. ಸ್ಕ್ರೂ ಬಿಗಿಯಾಗಿದೆ ಅನಿಸುತ್ತದೆ, ನೆಕ್ ಮಾತ್ರ ತಳಕ್ಕೆ ಬಂದಿರುವುದಿಲ್ಲ. ಮೂರೂ ದೊಡ್ಡ ರಿಪೇರಿಗಳಲ್ಲ. ಆದರೂ ಹೊಸ ಗಿಟಾರ್‌ನಲ್ಲಿ ಇದನ್ನು ಸರಿಮಾಡುವುದು ಮಾರಿದವರ ಜವಾಬ್ದಾರಿ.

ನೆಕ್ ಎಡಬಲಕ್ಕೆ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಮೇಲೆ ಕೆಳಗೆ ಎಷ್ಟು ವಾಲಿದೆ ಅನ್ನುವುದೂ ಇದೆ. ಇದನ್ನು ನೋಡುವ ಮುನ್ನ ನೆಕ್ಕಿನ ಬಾಗು ಅಳೆಯಬೇಕು, ಇಲ್ಲದಿದ್ದರೆ ಒಂದರ ತಪ್ಪನ್ನು ಇನ್ನೊಂದರ ಮೇಲೆ ಹಾಕುತ್ತೀರಿ. ಮೊದಲನೇ ಫ್ರೆಟ್‌ಗೆ ಕ್ಯಾಪೋ ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಏಳು-ಎಂಟನೇ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ನಡುವೆ 0.25 ಮಿ.ಮೀ. ಆಸುಪಾಸು ಬಿಡುವು ಇರಬೇಕು, ಅಂದರೆ ಎರಡು ಹಾಳೆ ಸಲೀಸಾಗಿ, ಮೂರನೆಯದು ತಗಲಿಕೊಂಡು ಹೋಗುವಷ್ಟು. ಹಾಳೆಯ ಬದಲು ಸಂದು ಅಳೆಯುವ ತೆಳು ಲೋಹದ ತಗಡುಗಳು, ಅಂದರೆ ಫೀಲರ್ ಗೇಜ್ ಬೇಕಿದ್ದರೆ ಸಂಗೀತದ ಅಂಗಡಿ ಹುಡುಕಬೇಡಿ. ಮೆಕ್ಯಾನಿಕ್‌ಗಳು ಎಂಜಿನ್ನಿನ ಟ್ಯಾಪೆಟ್ ಹೊಂದಿಸಲು ಬಳಸುವುದು ಅದನ್ನೇ, ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಕೇಳಿ.

ಬಾಗು ಸರಿಯಿದ್ದರೆ ಹದಿನೇಳನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ನೋಡಿ. 1.6 ಮಿ.ಮೀ. ಸುತ್ತಮುತ್ತ ಇದ್ದರೆ ಚೆನ್ನ. ಅದಕ್ಕಿಂತ ತುಂಬಾ ಎತ್ತರವಿದ್ದು, ಸ್ಯಾಡಲ್‌ಗಳು ಆಗಲೇ ಬ್ರಿಡ್ಜ್‌ನ ತಳ ಮುಟ್ಟಿ ಇನ್ನು ಇಳಿಯಲು ಜಾಗವೇ ಇಲ್ಲದಿದ್ದರೆ ನೆಕ್ಕನ್ನು ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ಅದಕ್ಕೆ ಪಾಕೆಟ್‌ನ ಬ್ರಿಡ್ಜ್ ಕಡೆಯ ತುದಿಯಲ್ಲಿ ಶಿಮ್ ಅಂತ ತೆಳ್ಳನೆಯ ತುಂಡು ಇಡುತ್ತಾರೆ. ಕೇವಲ 0.25 ಮಿ.ಮೀ. ಶಿಮ್ ಇಟ್ಟರೆ ಬ್ರಿಡ್ಜ್ ಬಳಿ 0.8 ಮಿ.ಮೀ.ನಷ್ಟು ಎತ್ತರ ಸಿಗುತ್ತದೆ. ಕಾರ್ಖಾನೆಯಿಂದ ಬಂದ ಗಿಟಾರ್ ಬಿಚ್ಚಿದಾಗ ಒಳಗೆ ಶಿಮ್ ಸಿಕ್ಕಿದರೆ ಗಾಬರಿ ಬೇಡ, ಒಳ್ಳೊಳ್ಳೆ ಗಿಟಾರ್‌ಗಳಲ್ಲೂ ಇರುತ್ತದೆ. ನನಗೆ ಇಷ್ಟವಾಗುವುದು ಪಾಕೆಟ್ ಪೂರ್ತಿ ಆವರಿಸುವ, ಒಂದು ತುದಿಗೆ ತೆಳುವಾಗುತ್ತಾ ಹೋಗುವ ಮರದ ಶಿಮ್. ಒಂದು ತುದಿಯಲ್ಲಿ ಮಾತ್ರ ತುಂಡು ಇಟ್ಟರೆ ಹೀಲ್‌ನ ನಡುಭಾಗ ಆಧಾರವಿಲ್ಲದೆ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಸ್ಕ್ರೂಗಳ ಎಳೆತಕ್ಕೆ ಅದು ಬಾಗಿ, ಕೊನೆಯ ಐದಾರು ಫ್ರೆಟ್‌ಗಳು ಮೇಲಕ್ಕೆದ್ದು ಅಲ್ಲಿ ತಂತಿ ಬಡಿಯುವ ಸಾಧ್ಯತೆ ಇದೆ.

ಹಿಂದೆ ಮೂರೇ ಸ್ಕ್ರೂ ಇರುವ ಗಿಟಾರ್ ಕಂಡರೆ ‘ಅದು ಬೇಡ’ ಅನ್ನುವ ಮಾತು ಬೆಂಗಳೂರಿನ ಹಳೇ ಬ್ಯಾಂಡ್‌ನವರ ಬಾಯಲ್ಲೂ ಇದೆ. 1971ರಲ್ಲಿ ಫೆಂಡರ್ ಕಂಪನಿ ಸ್ಟ್ರಾಟೋಕ್ಯಾಸ್ಟರ್‌ಗೆ ಮೂರು ಸ್ಕ್ರೂ ಮತ್ತು ನೆಕ್ಕಿನ ವಾಲು ಹೊಂದಿಸುವ ಪುಟ್ಟ ಸ್ಕ್ರೂ ತಂದಿತು. ಆ ದಶಕದ ಎಷ್ಟೋ ಗಿಟಾರ್‌ಗಳಲ್ಲಿ ಪಾಕೆಟ್ ಸಡಿಲವಾಗಿದ್ದು ನೆಕ್ ಪಕ್ಕಕ್ಕೆ ಸರಿಯುತ್ತಿತ್ತು. ಕೆಟ್ಟ ಹೆಸರು ಮೂರು ಸ್ಕ್ರೂಗೆ ಬಂತು, ಕಾರಣ ಕೊರೆತದ ಸಡಿಲ. ನಿಮ್ಮದು ನಾಲ್ಕರದ್ದು, ಆ ಚಿಂತೆ ಇಲ್ಲ.

ಬಿರುಕಿನ ಬಗ್ಗೆ ಕೇಳಿದಿರಿ. ಈಗಿನ ಗಿಟಾರ್‌ಗಳ ಪಾಲಿಯೆಸ್ಟರ್ ಪೇಂಟ್ ದಪ್ಪ, ಗಡುಸು. ನೆಕ್ ಕೂರಿಸುವಾಗ ಪಾಕೆಟ್ ಮೂಲೆಯಲ್ಲಿ ಅದು ಸೀಳುವುದು ದಿನಾ ಕಾಣುವಂಥದ್ದು, ಮರಕ್ಕೇನೂ ಆಗಿರುವುದಿಲ್ಲ. ನೋಡಬೇಕಾದ್ದು ಬಿರುಕು ಹೋಗುವ ದಿಕ್ಕು. ಮೂಲೆಯಿಂದ ಹೊರಟು ಒಂದೆರಡು ಸೆಂಟಿಮೀಟರ್‌ನಲ್ಲಿ ನಿಂತಿದ್ದರೆ, ಉಗುರು ಅಡ್ಡ ಎಳೆದಾಗ ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ, ಪೇಂಟ್ ಅಷ್ಟೆ. ಮೇಲ್ಮೈಯಿಂದ ಪಕ್ಕದ ಗೋಡೆಗೆ ಇಳಿದು ಹಿಂದಿನ ಪ್ಲೇಟಿನ ಕಡೆ ಸಾಗಿದ್ದರೆ, ಅಥವಾ ಹೆಡ್‌ಸ್ಟಾಕ್ ಒತ್ತಿದಾಗ ಬಾಯಿ ಬಿಟ್ಟರೆ, ಮರ ಸೀಳಿದೆ. ಇವತ್ತೇ ಸ್ಕೇಲ್ ಪಕ್ಕದಲ್ಲಿಟ್ಟು ಹತ್ತಿರದಿಂದ ಫೋಟೋ ತೆಗೆದಿಡಿ, ಮೂರನೇ ದಿನ ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ಬೆಳೆದಿದ್ದರೆ ಎರಡನೇ ಯೋಚನೆ ಬೇಡ, ವಾಪಸ್.

ಹಾಗಾದರೆ ತೀರ್ಮಾನ: ಮರ ಸೀಳಿದ್ದರೆ, ಸಂದು ಒಂದು ಮಿಲಿಮೀಟರ್ ದಾಟಿದ್ದರೆ, ಬ್ರಿಡ್ಜನ್ನೇ ತಪ್ಪು ಜಾಗದಲ್ಲಿ ಕೂರಿಸಿದ್ದರೆ ಬೇರೆ ಗಿಟಾರ್ ಕೇಳಿ. ಹೀಲ್ ತಳಕ್ಕೆ ಕೂತಿಲ್ಲವಾದರೆ ಅಂಗಡಿಯಲ್ಲೇ, ನಿಮ್ಮ ಕಣ್ಣೆದುರೇ ಬಿಚ್ಚಿ ಸರಿಮಾಡಿಸಿ. ನೆಕ್ ಬರೀ ಓರೆಯಾಗಿದ್ದರೆ ಅದನ್ನೂ ಅಲ್ಲೇ ನೇರ ಮಾಡಿಕೊಡಲು ಹೇಳಿ, ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ಹೋಗುವಾಗ ಬಿಲ್ಲು, ಅಳತೆ ಬರೆದ ಚೀಟಿ, ಫೋಟೋಗಳು ಜೊತೆಗಿರಲಿ. ‘ಸಂದು ಇದೆ’ ಅಂದರೆ ಅವರು ಅದೇ ಉತ್ತರ ಕೊಡುತ್ತಾರೆ. ‘ಕೊನೆಯ ಫ್ರೆಟ್‌ನಲ್ಲಿ ಈ ಕಡೆ ಎರಡು, ಆ ಕಡೆ ಐದು ಮಿಲಿಮೀಟರ್ ಇದೆ’ ಅಂತ ನಿಮ್ಮ ಅಳತೆ ಮುಂದಿಟ್ಟರೆ ಸ್ಕೇಲ್ ತಂದು ನೋಡಲೇಬೇಕು. ದೋಷವಿದ್ದೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಗಿಟಾರ್ ಇಟ್ಟುಕೊಳ್ಳುವುದೆಂದು ಪೂರ್ತಿ ನಿರ್ಧರಿಸಿದ ಮೇಲೆ, ಓರೆಯನ್ನು ನೀವೇ ನೇರ ಮಾಡುವುದಾದರೆ ಹೀಗೆ ಮಾಡಿ. ತಂತಿಗಳನ್ನು ತೆಗೆಯಬೇಡಿ, ಎರಡು ಸ್ವರದಷ್ಟು ಇಳಿಸಿ ಸಾಕು. ತಲೆಗೆ ಸರಿಯಾಗಿ ಕೂರುವ ಎರಡನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್‌ನಿಂದ ನಾಲ್ಕೂ ಸ್ಕ್ರೂಗಳನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ. ಡ್ರಿಲ್ ಮೆಷಿನ್ ಹತ್ತಿರ ತರಬೇಡಿ. ಒಂದನೇ ತಂತಿ ಅಂಚಿಗೆ ಹತ್ತಿರವಿರುವುದರಿಂದ ಹೆಡ್‌ಸ್ಟಾಕನ್ನು ಆರನೇ ತಂತಿಯ ಕಡೆಗೆ ಒತ್ತಬೇಕು. ಆಗ ತಂತಿಗಳೂ ಅದರ ಜೊತೆ ಹೋಗಿ, ಬ್ರಿಡ್ಜ್ ಕಡೆಯ ಫ್ರೆಟ್‌ಬೋರ್ಡ್ ತುದಿ ಒಂದನೇ ತಂತಿಯ ಬದಿಗೆ ಸರಿದು, ಒಂದನೇ ತಂತಿ ಒಳಕ್ಕೆ ಬರುತ್ತದೆ. ಸಣ್ಣ ಸದ್ದಿನೊಂದಿಗೆ ನೆಕ್ ಸರಿದದ್ದು ಕೈಗೆ ಗೊತ್ತಾಗುತ್ತದೆ. ಹಾಗೇ ಹಿಡಿದುಕೊಂಡು, ಇನ್ನೊಬ್ಬರಿಂದ ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಬಿಗಿಸಿ. ಮಗಳು ನೆಕ್ ಹಿಡಿಯಲಿ, ನೀವು ಸ್ಕ್ರೂ ತಿರುಗಿಸಿ. ಟ್ಯೂನ್ ಮಾಡಿ ಮತ್ತೆ ಅಳೆಯಿರಿ.

ಸ್ಕ್ರೂ ಪೂರ್ತಿ ಹೊರಗೆ ಬಂದುಬಿಟ್ಟರೆ, ವಾಪಸ್ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಹಳೇ ಥ್ರೆಡ್ ಸಿಕ್ಕ ಕೂಡಲೇ ಸ್ಕ್ರೂ ಸಣ್ಣಗೆ ಕೆಳಗಿಳಿಯುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸಿ. ನೇರವಾಗಿ ಒತ್ತಿ ತಿರುಗಿಸಿದರೆ ಮರದಲ್ಲಿ ಎರಡನೇ ಥ್ರೆಡ್ ಕೊರೆದು ಹಿಡಿತವೇ ಹೋಗುತ್ತದೆ. ಥ್ರೆಡ್‌ಗೆ ಮೇಣದಬತ್ತಿ ಸವರಿದರೆ ಸಲೀಸು. ಸೋಪು ಬೇಡ, ಅದು ತೇವ ಎಳೆಯುತ್ತದೆ. ಕೈ ನಡುಗುತ್ತದೆ ಅನಿಸಿದರೆ ಮಗಳ ಗಿಟಾರ್ ಮೇಷ್ಟ್ರನ್ನೇ ಕೇಳಿ, ಸೆಟಪ್ ಮಾಡುವವರು ಯಾರಾದರೂ ಅವರಿಗೆ ಗೊತ್ತಿರುತ್ತಾರೆ. ಬಳೇಪೇಟೆಯಲ್ಲಿ ವೀಣೆ, ತಬಲಾ, ಹಾರ್ಮೋನಿಯಂ ನೋಡುವ ಕೈಗಳು ಬಹಳ ಒಳ್ಳೆಯವು, ಆದರೆ ಈ ಕೆಲಸಕ್ಕೆ ಎಲೆಕ್ಟ್ರಿಕ್ ಗಿಟಾರನ್ನೇ ದಿನಾ ಬಿಚ್ಚಿ ಕೂರಿಸುವವರ ಹತ್ತಿರ ಹೋಗಿ.

ಒಂದು ಮಾತು ಋತುವಿನ ಬಗ್ಗೆ. ನೀವು ಗಿಟಾರ್ ಕೊಂಡಿರುವುದು ಬೆಂಗಳೂರಿನ ಅತಿ ಒಣ ತಿಂಗಳುಗಳಲ್ಲಿ. ಈಗ ಫ್ರೆಟ್‌ಗಳ ತುದಿ ನೆಕ್ಕಿನ ಅಂಚಿನಲ್ಲಿ ಬೆರಳಿಗೆ ಚುಚ್ಚಿದರೆ, ಮರ ಕುಗ್ಗಿದೆ ಅಂತ ಅರ್ಥ, ಪಾಕೆಟ್ ಸಂದೂ ಈಗ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಜೂನ್ ಮಳೆ ಹಿಡಿದ ಎರಡು ಮೂರು ವಾರಕ್ಕೆ ಏಳನೇ ಫ್ರೆಟ್ ಬಳಿಯ ಬಿಡುವನ್ನು ಮತ್ತೆ ಅಳೆಯಿರಿ. ನಾಲ್ಕು ಹಾಳೆಯಷ್ಟಾಗಿದ್ದರೆ ಗಿಟಾರ್ ಜೊತೆ ಬಂದ ಅಲೆನ್ ಕೀಯಿಂದ ಟ್ರಸ್ ರಾಡನ್ನು (ಬಾಗು ಹೊಂದಿಸಲು ನೆಕ್ಕಿನೊಳಗೆ ಇರುವ ಲೋಹದ ಸರಳು) ಕಾಲು ಸುತ್ತು ಬಿಗಿಸಿ, ಒಂದು ದಿನ ಬಿಟ್ಟು ನೋಡಿ. ಆಗ ನೆಕ್ ಸ್ಕ್ರೂಗಳನ್ನು ಬಿಚ್ಚುವ ಅಗತ್ಯ ಬರುವುದಿಲ್ಲ.